63ರ ಬೆನ್ನು ಹಿಡಿದು

ಹಾಸನದಲ್ಲಿ ಕೂತು ವೈರ್‌ಲೆಸ್ ಸ್ಟ್ಯಾಂಡರ್ಡ್ಸ್ ಕನ್ಸಲ್ಟೆಂಟ್ ಕೆಲಸ ಮಾಡುತ್ತೇನೆ ಅಂದರೆ ಜನ ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವರಿಗೆ ನಾನು ಟವರ್ ಹಾಕಿಸಿಕೊಡುವವಳು. ‘ನಮ್ಮದೊಂದು ಸೈಟಿದೆ, ಬಾಡಿಗೆ ಎಷ್ಟು ಕೊಡಿಸ್ತೀರಿ?’ ಅಂತ ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿದವರಿದ್ದಾರೆ. ಇನ್ನು ಕೆಲವರಿಗೆ ಸಿಗ್ನಲ್ ರಿಪೇರಿ ಮಾಡುವವಳು. ನಮ್ಮ ಬೀದಿಯ ಅಜ್ಜಿಯೊಬ್ಬರು ‘ಅಡುಗೆಮನೇಲಿ ಫೋನೇ ಹಿಡಿಯಲ್ಲ ಕಣಮ್ಮ, ಒಂಚೂರು ಬಂದು ನೋಡು’ ಅಂತ ಕರೆದರು. ಹೋದೆ. ಕಾಫಿ ಕುಡಿದು, ಫೋನನ್ನು ಕಿಟಕಿ ಹತ್ತಿರ ಇಟ್ಟುಕೊಳ್ಳಿ ಅಂತ ಹೇಳಿ ಬಂದೆ.

ನಿಜ ಹೇಳಬೇಕೆಂದರೆ ದಿನದ ಬಹುಪಾಲು ನಾನು ಓದುತ್ತಾ ಕೂತಿರುತ್ತೇನೆ. ಮೊಬೈಲ್ ಫೋನು ಮತ್ತು ಟವರ್ ಒಂದಕ್ಕೊಂದು ಹೇಗೆ ಮಾತಾಡಬೇಕು ಅಂತ ಬರೆದಿಟ್ಟ ದಪ್ಪ ದಪ್ಪ ದಾಖಲೆಗಳಿವೆ. ನಾವು ಅವನ್ನು ಸ್ಪೆಕ್ ಅಂತೀವಿ. ಅದರಲ್ಲಿನ ಒಂದು ವಾಕ್ಯ ಯಾವ ವರ್ಷ, ಯಾವ ಸಭೆಯಲ್ಲಿ, ಯಾರು ಕೊಟ್ಟ ಕಾಗದದಿಂದ ಬಂತು? ಒಬ್ಬರ ಪೇಟೆಂಟಿನಲ್ಲಿ ಬರೆದಿರುವುದಕ್ಕೂ ಆ ವಾಕ್ಯಕ್ಕೂ ತಾಳೆಯಾಗುತ್ತದಾ? ಇದನ್ನು ವಕೀಲರಿಗೆ ಬಿಡಿಸಿ ಹೇಳುವುದು ನನ್ನ ಕಸುಬು.

ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಆಗಾಗ ಬಂದು ‘ಮೇಡಂ, ಇದಕ್ಕೆ ಯಾವ ಕೋರ್ಸ್ ಮಾಡಬೇಕು?’ ಅಂತ ಕೇಳುತ್ತಾರೆ. ನಾನೂ ಅದೇ ಕಾಲೇಜಿನವಳು. ಕೋರ್ಸ್ ಇಲ್ಲ ಅಂದರೆ ನಂಬುವುದಿಲ್ಲ. ಹಾಗಾಗಿ ನಾನು ಈ ಕಡೆ ಬಂದ ದಾರಿ, ಆಮೇಲೆ ನನ್ನ ಹಿನ್ನೆಲೆಯನ್ನು ಕೆಲಸ ಕೊಡುವವರು ಜಾಲಾಡಿದ ರೀತಿ, ಎರಡನ್ನೂ ಬರೆದಿಡುತ್ತಿದ್ದೇನೆ.

ನನ್ನ ಮೊದಲ ಕೆಲಸ ಡ್ರೈವ್ ಟೆಸ್ಟ್. 2ಜಿ ಕಾಲ ಅದು. ಟಾಟಾ ಸುಮೋದ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು, ಅದಕ್ಕೆ ಫೋನುಗಳನ್ನು ಜೋಡಿಸಿ, ಗಾಡಿಯ ನೆತ್ತಿಯ ಮೇಲೆ ಜಿಪಿಎಸ್ ಆಂಟೆನಾ ಅಂಟಿಸಿ ದಿನವಿಡೀ ಸುತ್ತುವುದು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ. ಫೋನು ತಾನೇ ಕಾಲ್ ಮಾಡುತ್ತಾ, ಕಟ್ ಮಾಡುತ್ತಾ ಇರುತ್ತದೆ. ಎಲ್ಲಿ ಸಿಗ್ನಲ್ ಎಷ್ಟಿದೆ, ಎಲ್ಲಿ ಕಾಲ್ ಬಿದ್ದುಹೋಯಿತು ಅಂತ ಮ್ಯಾಪಿನ ಮೇಲೆ ಚುಕ್ಕೆ ಬೀಳುತ್ತಾ ಹೋಗುತ್ತದೆ. ಮಲೆನಾಡಿನಲ್ಲಿ ಈ ಕೆಲಸ ಮಾಡಿದವರಿಗೆ ಪುಸ್ತಕ ಕಲಿಸದ ಕೆಲವು ವಿಷಯ ಗೊತ್ತಾಗುತ್ತವೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಎಸ್ಟೇಟ್ ರಸ್ತೆ ಮಳೆಗಾಲದಲ್ಲಿ ಸತ್ತುಹೋಗುತ್ತದೆ, ಒದ್ದೆ ಎಲೆ ಸಿಗ್ನಲನ್ನು ಜಾಸ್ತಿ ನುಂಗುತ್ತದೆ. ಒಂದು ತಿರುವು ದಾಟಿದರೆ ಇಡೀ ಗುಡ್ಡವೇ ಅಡ್ಡ ಬರುತ್ತದೆ. ಹಾಗೇ ಗುಡ್ಡದ ಮೇಲಿನ ಟವರ್ ತನಗೆ ಸಂಬಂಧವೇ ಇಲ್ಲದ ಬಯಲುಸೀಮೆಯವರೆಗೂ ಹೋಗಿ ಚೆಲ್ಲುತ್ತದೆ.

ಈ ಚೆಲ್ಲುವ ವಿಷಯವೇ ನನ್ನನ್ನು ಹಿಡಿದಿದ್ದು. ಮುಳ್ಳಯ್ಯನಗಿರಿ ಸಾಲಿನ ಎತ್ತರದ ಸೈಟೊಂದರ ಸಿಗ್ನಲ್ ಕಡೂರಿನ ಆಚೆ, ತೆಂಗಿನ ತೋಟಗಳ ನಡುವೆ, ಚೆನ್ನಾಗಿ ಸಿಗುತ್ತಿತ್ತು. ನಡುವೆ ಅಡ್ಡಿ ಏನೂ ಇಲ್ಲವಲ್ಲ. ಫೋನಿನಲ್ಲಿ ಕಡ್ಡಿ ಕಾಣುತ್ತದೆ, ಆದರೆ ಕಾಲ್ ಹೋಗುವುದಿಲ್ಲ. ಕಡೂರಿನ ಈಚೆ ಬಂದರೆ ಹೋಗುತ್ತದೆ. ‘ಸಿಗ್ನಲ್ ತೋರಿಸುತ್ತೆ, ಮಾತಾಡೋಕೆ ಬಿಡಲ್ಲ, ಇದೆಂಥ ಮೋಸ ಮೇಡಂ?’ ಅಂತ ಡ್ರೈವರ್ ಕೇಳಿದ್ದು ಇನ್ನೂ ನೆನಪಿದೆ. ನಮ್ಮ ಸೀನಿಯರ್ ಫೋನಿನಲ್ಲೇ ಲೆಕ್ಕ ಹೇಳಿದರು: ‘63 ಇಂಟು 550. ಅಷ್ಟೇ. 35 ಕಿಲೋಮೀಟರ್ ಆಚೆ ಹೋಗಿದ್ದೀರ.’

ಲೆಕ್ಕ ಹೀಗೆ. 2ಜಿಯಲ್ಲಿ ಒಂದೇ ಚಾನೆಲ್ಲನ್ನು ಹಲವು ಫೋನುಗಳು ಸರದಿಯ ಮೇಲೆ ಬಳಸುತ್ತವೆ. ಒಂದೊಂದು ಸರದಿ ಸುಮಾರು 577 ಮೈಕ್ರೋಸೆಕೆಂಡ್. ದೂರದ ಫೋನಿನ ಮಾತು ಟವರಿಗೆ ತಲುಪುವುದು ತಡ. ಹತ್ತು ಗಂಟೆಯ ಧಾರೆಗೆ ಪಕ್ಕದ ಬೀದಿಯವರು ಒಂಬತ್ತೂವರೆಗೆ ಹೊರಟರೂ ಆಗುತ್ತದೆ, ಸಕಲೇಶಪುರದವರು ಎಂಟಕ್ಕೇ ಹೊರಡಬೇಕಲ್ವಾ? ಹಾಗೆ ದೂರದ ಫೋನು ಸ್ವಲ್ಪ ಮುಂಚೆಯೇ ಮಾತು ಶುರು ಮಾಡಬೇಕು. ಎಷ್ಟು ಮುಂಚೆ ಅಂತ ಟವರ್ ಹೇಳುತ್ತದೆ. ಅದಕ್ಕೆ ಟೈಮಿಂಗ್ ಅಡ್ವಾನ್ಸ್ ಅಂತ ಹೆಸರು. ಅದನ್ನು ಹೇಳಲು ಇಟ್ಟಿರುವ ಜಾಗ ಆರು ಬಿಟ್, ಅಂದರೆ 0ಯಿಂದ 63ರವರೆಗೆ. ಒಂದೊಂದು ಹೆಜ್ಜೆಗೆ ಸುಮಾರು 550 ಮೀಟರ್. 63 ಮುಗಿದ ಮೇಲೆ ಫೋನಿನ ಮಾತು ಪಕ್ಕದವರ ಸರದಿಗೆ ಹೋಗಿ ಬೀಳುತ್ತದೆ.

ಸೀನಿಯರ್‌ಗೆ ಅಲ್ಲಿಗೆ ವಿಷಯ ಮುಗಿಯಿತು. ಆಂಟೆನಾವನ್ನು ಸ್ವಲ್ಪ ಕೆಳಗೆ ಬಾಗಿಸಲು ಬರೆದುಕೊಟ್ಟರು. ನನಗೆ ಮುಗಿಯಲಿಲ್ಲ. ಏಳು ಬಿಟ್ ಯಾಕಿಡಲಿಲ್ಲ? ಆರೇ ಸಾಕು ಅಂತ ಯಾರು, ಎಲ್ಲಿ ಕೂತು ತೀರ್ಮಾನ ಮಾಡಿದರು? ಹಾಸನದ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕೂತು 05.10 ಅನ್ನುವ ಸ್ಪೆಕ್ ಇಳಿಸಿಕೊಂಡೆ. ಇವೆಲ್ಲ ಪುಕ್ಕಟೆ ಸಿಗುತ್ತವೆ ಅನ್ನುವುದೇ ನನಗೆ ದೊಡ್ಡ ಸುದ್ದಿಯಾಗಿತ್ತು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ನಾವು ಸುಮೋದಲ್ಲಿ ಅಲೆದು ಕಂಡದ್ದಕ್ಕೆಲ್ಲ ಎಲ್ಲೋ ಒಂದು ಕಾಗದದಲ್ಲಿ ಮೊದಲೇ ಸಾಲು ಬರೆದಿಟ್ಟಿದ್ದಾರೆ ಅನ್ನುವುದು ತಲೆಯಲ್ಲಿ ಕೂತಿತು.

ಮುಂದಿನ ಕೆಲವು ವರ್ಷ ಬೆಂಗಳೂರು. ಬೇಸ್ ಸ್ಟೇಶನ್, ಅಂದರೆ ಟವರಿನ ಯಂತ್ರದ, ಸಾಫ್ಟ್‌ವೇರನ್ನು ಸ್ಪೆಕ್‌ಗೆ ಸರಿಯಾಗಿ ಇದೆಯಾ ಅಂತ ಪರೀಕ್ಷಿಸುವ ಕೆಲಸ. ಬೇಜಾರಿನ ಕೆಲಸ ಅಂತ ಎಲ್ಲರೂ ತಪ್ಪಿಸಿಕೊಳ್ಳುತ್ತಿದ್ದರು. ನನಗೆ ಹಿಡಿಸಿತು, ಸ್ಪೆಕ್ ಓದಲು ಸಂಬಳ ಕೊಡುತ್ತಿದ್ದರಲ್ಲ. 4ಜಿಯ ಮೊದಲ ಸ್ಪೆಕ್, ಅಂದರೆ ರಿಲೀಸ್ 8, 2008ರ ಡಿಸೆಂಬರ್‌ನಲ್ಲಿ ಗಟ್ಟಿಯಾಗಿತ್ತು. ಅದರಲ್ಲಿ ನಾನು ಮೊದಲು ಹುಡುಕಿದ್ದೇ ಟೈಮಿಂಗ್ ಅಡ್ವಾನ್ಸನ್ನು. ಫೋನು ಮೊದಲ ಬಾರಿ ಬಂದಾಗ ಹೇಳಲು 11 ಬಿಟ್ ಇಟ್ಟಿದ್ದಾರೆ, 0ಯಿಂದ 1282ರವರೆಗೆ, ಹೆಜ್ಜೆಗೆ ಸುಮಾರು 78 ಮೀಟರ್. ಗುಣಿಸಿ ನೋಡಿದೆ. ಸರಿಯಾಗಿ 100 ಕಿಲೋಮೀಟರ್. ಕಡೂರು, ಬೀರೂರೆಲ್ಲ ಒಳಗೇ ಬಂದವು.

ಅಲ್ಲಿಂದ ಸ್ಟ್ಯಾಂಡರ್ಡ್ಸ್ ಟೀಮಿಗೆ ದಾಟಿದ್ದು ಹೆಚ್ಚುಕಡಿಮೆ ಅದೃಷ್ಟ. ಮೊಬೈಲ್ ಸ್ಪೆಕ್ ಬರೆಯುವುದು ತ್ರೀಜಿಪಿಪಿ ಅನ್ನುವ ಒಕ್ಕೂಟ. 1998ರಲ್ಲಿ ಶುರುವಾದದ್ದು. ಯುರೋಪ್, ಅಮೆರಿಕ, ಚೀನಾ, ಕೊರಿಯಾ, ಜಪಾನಿನ ಸಂಸ್ಥೆಗಳು ಸೇರಿ ನಡೆಸುತ್ತವೆ. 2015ರಲ್ಲಿ ನಮ್ಮ ದೇಶದ ಟೆಲಿಕಾಂ ಸ್ಟ್ಯಾಂಡರ್ಡ್ಸ್ ಸಂಸ್ಥೆ ಟಿಎಸ್‌ಡಿಎಸ್‌ಐ ಕೂಡ ಪಾಲುದಾರನಾಗಿ ಸೇರಿತು. ಆಗ ಇಲ್ಲಿನ ಕಂಪನಿಗಳಿಗೆ ಸಭೆಗೆ ಕಳಿಸಲು ಜನ ಬೇಕಾದರು. ಸ್ಪೆಕ್ ಬಾಯಿಪಾಠ ಇದ್ದವರು ನಮ್ಮ ಆಫೀಸಿನಲ್ಲಿ ಹೆಚ್ಚಿರಲಿಲ್ಲ. ನನ್ನನ್ನು ರಾನ್-2 ಗುಂಪಿಗೆ ಹಾಕಿದರು. ಫೋನು ಮತ್ತು ಟವರಿನ ನಡುವಿನ ಮಾತುಕತೆಯ ಕ್ರಮವನ್ನು ಬರೆಯುವ ಗುಂಪು ಅದು.

ಹೊರಗಿನವರಿಗೆ ಈ ಸಭೆ ಅಂದರೆ ವಿಜ್ಞಾನಿಗಳು ಕೂತು ಚರ್ಚೆ ಮಾಡುತ್ತಾರೆ ಅನ್ನುವ ಕಲ್ಪನೆ. ಹೋಟೆಲಿನ ದೊಡ್ಡ ಹಾಲು, ಸಾಲು ಸಾಲು ಮೇಜು, ಎಲ್ಲರ ಮುಂದೆ ಲ್ಯಾಪ್‌ಟಾಪ್. ಸಭೆಗೆ ಮುಂಚೆ ಕಂಪನಿಗಳು ತಮ್ಮ ತಮ್ಮ ಪ್ರಸ್ತಾವದ ಕಾಗದ ಕಳಿಸಿರುತ್ತವೆ. ಅದಕ್ಕೆ ಟಿ-ಡಾಕ್ ಅಂತಾರೆ, ಪ್ರತಿಯೊಂದಕ್ಕೂ ನಂಬರಿರುತ್ತದೆ. ಒಂದು ಸಭೆಗೆ ಇಂಥವು ಸಾವಿರಗಟ್ಟಲೆ. ಅಧ್ಯಕ್ಷರು ಒಂದೊಂದನ್ನು ತೆಗೆದು ನಿಮಿಷಗಳಲ್ಲಿ ಮುಗಿಸುತ್ತಾರೆ. ‘ನೋಟೆಡ್’ ಅಂದರೆ ಆ ಕಾಗದದ ಕಥೆ ಅಲ್ಲಿಗೆ ಮುಗೀತು. ‘ಅಗ್ರೀಡ್’ ಅನ್ನಿಸಿಕೊಳ್ಳಲು ಹಿಂದಿನ ರಾತ್ರಿಯೇ ಕಾರಿಡಾರಿನಲ್ಲಿ ಹತ್ತು ಕಂಪನಿಯವರನ್ನು ಹಿಡಿದು ಒಪ್ಪಿಸಿರಬೇಕು. ನಿಯಮದ ಪ್ರಕಾರ ಮತಕ್ಕೆ ಹಾಕಬಹುದು, 71 ಶೇಕಡಾ ಬೇಕು. ಆದರೆ ಯಾರೂ ಅಲ್ಲಿಯವರೆಗೆ ಹೋಗಲು ಇಷ್ಟಪಡುವುದಿಲ್ಲ. ಎಲ್ಲರೂ ಸುಸ್ತಾಗಿ ಒಪ್ಪುವವರೆಗೂ ಮಾತಾಡುವುದೇ ಅಲ್ಲಿನ ಪದ್ಧತಿ.

ಮೊದಮೊದಲು ನನಗೆ ಇದು ಕಿರಿಕಿರಿ ಅನಿಸುತ್ತಿತ್ತು. ಒಂದು ‘ಶಲ್’ (ಮಾಡಲೇಬೇಕು) ಅನ್ನು ‘ಮೇ’ (ಮಾಡಬಹುದು) ಮಾಡಲು ಅರ್ಧ ದಿನ! ಆಮೇಲೆ ತಿಳಿಯಿತು, ಆ ಒಂದು ಪದ ಬದಲಾದರೆ ಯಾರದೋ ಚಿಪ್ಪಿನ ವಿನ್ಯಾಸ ಬದಲಾಗುತ್ತದೆ, ಯಾರದೋ ಪೇಟೆಂಟ್ ಒಳಗೆ ಬರುತ್ತದೆ ಅಥವಾ ಹೊರಗೆ ಉಳಿಯುತ್ತದೆ. ಸಭೆಗೆ ಕಾಗದ ಕಳಿಸುವ ಗಡುವಿಗೆ ಸ್ವಲ್ಪ ಮುಂಚೆಯೇ ಕಂಪನಿಗಳು ಪೇಟೆಂಟ್ ಅರ್ಜಿ ಹಾಕಿಬಿಡುತ್ತವೆ. ಯಾಕೆಂದರೆ ಟಿ-ಡಾಕ್ ಒಮ್ಮೆ ಸರ್ವರಿಗೆ ಬಂತೆಂದರೆ ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು. ಆಮೇಲೆ ‘ಇದು ನನ್ನ ಹೊಸ ಯೋಚನೆ’ ಅಂದರೆ ನಡೆಯುವುದಿಲ್ಲ.

2020ರ ಫೆಬ್ರವರಿಯಿಂದ ಸಭೆಗಳೆಲ್ಲ ಆನ್‌ಲೈನ್ ಆದವು. ನಾನು ಹಾಸನಕ್ಕೆ ಬಂದುಬಿಟ್ಟೆ. ಮೂರು ಖಂಡದವರಿಗೂ ಸರಿಹೊಂದುವ ಗಳಿಗೆ ಅಂತ ಭೂಮಿಯ ಮೇಲೆ ಇಲ್ಲ. ಸಂಜೆ ಶುರುವಾದರೆ ನಡುರಾತ್ರಿ ದಾಟುತ್ತಿತ್ತು. ಆಷಾಢದ ಮಳೆಯಲ್ಲಿ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಕೂಗುತ್ತಿತ್ತು, ಆ ಕಡೆ ಅಧ್ಯಕ್ಷರು ‘ಯಾರದೋ ಮೈಕ್ ಆಫ್ ಮಾಡಿ’ ಅನ್ನುತ್ತಿದ್ದರು. ಅಮ್ಮ ಒಂದು ರಾತ್ರಿ ಎದ್ದು ಬಂದು ‘ಇಷ್ಟು ಹೊತ್ತಲ್ಲಿ ಯಾರ ಹತ್ರ ಜಗಳ ಆಡ್ತಿದ್ದೀಯೇ?’ ಅಂದರು. 2022ರಲ್ಲಿ ಮತ್ತೆ ಮುಖಾಮುಖಿ ಸಭೆ ಶುರುವಾದಾಗ ವರ್ಷದ ಅರ್ಧ ಭಾಗ ಸೂಟ್‌ಕೇಸಿನಲ್ಲಿ ಬದುಕಲು ಮನಸ್ಸಾಗಲಿಲ್ಲ. ಕೆಲಸ ಬಿಟ್ಟೆ.

ಬಿಟ್ಟ ಸ್ವಲ್ಪ ದಿನಕ್ಕೆ ತಜ್ಞರನ್ನು ಹುಡುಕಿಕೊಡುವ ಮಧ್ಯವರ್ತಿ ಕಂಪನಿಯೊಂದರಿಂದ ಮೆಸೇಜ್ ಬಂತು. ಸ್ಟ್ಯಾಂಡರ್ಡ್‌ಗೆ ಅನಿವಾರ್ಯವಾದ, ಅಂದರೆ ಬಳಸದೆ ಸ್ಪೆಕ್ ಪ್ರಕಾರ ಫೋನು ಮಾಡಲಾಗದ, ಪೇಟೆಂಟುಗಳ ವ್ಯಾಜ್ಯಗಳಲ್ಲಿ ತಾಂತ್ರಿಕ ಅಭಿಪ್ರಾಯ ಕೊಡುವ ಜನ ಬೇಕಂತೆ. ಈ ವ್ಯಾಜ್ಯಗಳು ಎಷ್ಟು ದೊಡ್ಡವು ಅಂದರೆ, 2024ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎರಿಕ್ಸನ್ ಮತ್ತು ಲಾವಾ ಪ್ರಕರಣದಲ್ಲಿ 244 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶ ಮಾಡಿತು. ಇಷ್ಟು ಹಣದ ವಿಷಯದಲ್ಲಿ ಮಾತಾಡುವವರು ಯಾರು, ಎಲ್ಲಿಂದ ಬಂದವರು ಅಂತ ಎರಡೂ ಕಡೆಯವರು ಕೆದಕುವುದು ಸಹಜ. ಕಂಪನಿಗಳು ‘ಈ ಪೇಟೆಂಟ್ ಅನಿವಾರ್ಯ’ ಅಂತ ಯುರೋಪಿನ ಎಟ್ಸಿ ಸಂಸ್ಥೆಯ ಪಟ್ಟಿಗೆ ತಾವೇ ಬರೆಸುತ್ತವೆ. ಅದು ನಿಜವಾ ಅಂತ ಎಟ್ಸಿ ಪರೀಕ್ಷೆ ಮಾಡುವುದಿಲ್ಲ. ಆ ಪರೀಕ್ಷೆ ನಮ್ಮಂಥವರ ತಲೆಗೆ ಬರುತ್ತದೆ.

ಮೊದಲ ಹಂತ ಬಯೋಡೇಟಾ. ಬೆಂಗಳೂರಿನಲ್ಲಿ ಕೆಲಸ ಹುಡುಕುವಾಗ ಎರಡು ಪುಟ ಮೀರಬಾರದು ಅಂತಾರಲ್ಲ, ಇಲ್ಲಿ ಉಲ್ಟಾ. ಕೊಟ್ಟ ಪ್ರತಿಯೊಂದು ಟಿ-ಡಾಕ್, ಹೆಸರಿರುವ ಪೇಟೆಂಟ್, ಬರೆದ ಲೇಖನ, ಮಾಡಿದ ಭಾಷಣ ಎಲ್ಲ ಬೇಕು. ಅಮೆರಿಕದ ಫೆಡರಲ್ ಕೋರ್ಟಿನ ನಿಯಮದಂತೆ ತಜ್ಞ ಸಾಕ್ಷಿ ಹಿಂದಿನ 10 ವರ್ಷದ ಬರವಣಿಗೆ ಮತ್ತು ಹಿಂದಿನ 4 ವರ್ಷದಲ್ಲಿ ನುಡಿದ ಸಾಕ್ಷ್ಯದ ಪಟ್ಟಿ ಕೊಡಬೇಕು. ನಾನು ಎಲ್ಲವನ್ನೂ ಹುಡುಕಿ ಪಟ್ಟಿ ಮಾಡಿದೆ. ಮಧ್ಯವರ್ತಿ ಕಂಪನಿಯ ಹುಡುಗ ಅದನ್ನು ಚಂದ ಮಾಡಿ ವಾಪಸ್ ಕಳಿಸಿದ. ತೆರೆದು ನೋಡಿದರೆ ಡ್ರೈವ್ ಟೆಸ್ಟಿನ ವರ್ಷಗಳೇ ಮಾಯ! ಕೇಳಿದರೆ ‘ಅದು ಜೂನಿಯರ್ ಕೆಲಸ, ಪ್ರೊಫೈಲ್ ತೂಕ ಇಳಿಯುತ್ತೆ’ ಅಂದ. ನನಗೆ ಸಿಟ್ಟೇ ಬಂತು. ಅದನ್ನು ಮತ್ತೆ ಸೇರಿಸದಿದ್ದರೆ ಬೇಡ ಅಂದೆ. ಗೊಣಗಿಕೊಂಡು ಕೊನೆಯ ಪುಟದಲ್ಲಿ ಒಂದು ಸಾಲು ಹಾಕಿದ.

ಎರಡನೆಯದು ಹಿತಾಸಕ್ತಿಯ ತಪಾಸಣೆ. ಯಾವ ಪೇಟೆಂಟ್, ಯಾರ ಕೇಸು ಏನೂ ಹೇಳುವುದಿಲ್ಲ. ಕಂಪನಿಗಳ ಉದ್ದ ಪಟ್ಟಿ ಕಳಿಸಿ, ಇವರಲ್ಲಿ ಯಾರ ಹತ್ತಿರ ಕೆಲಸ ಮಾಡಿದ್ದೀರಿ, ಯಾರ ಷೇರು ಇದೆ, ಮನೆಯವರು ಯಾರಾದರೂ ಅಲ್ಲಿದ್ದಾರಾ ಅಂತ ಕೇಳುತ್ತಾರೆ. ನನ್ನ ಭಾವಮೈದುನ ಫೋನ್ ಚಿಪ್ ಮಾಡುವ ಕಡೆ ಇದ್ದಾನೆ. ಅವನ ಕೆಲಸಕ್ಕೂ ನನಗೂ ಸಂಬಂಧವಿಲ್ಲ. ಆದರೂ ಬರೆದುಕೊಟ್ಟೆ. ಒಂದು ಅವಕಾಶ ಹಾಗೇ ತಪ್ಪಿಹೋಯಿತು. ಹಳೆಯ ಕಂಪನಿಯ ಗುಟ್ಟು ಹೊರಗೆ ಹಾಕಬಾರದು ಅನ್ನುವ ಒಪ್ಪಂದ ಬೇರೆ ಇರುತ್ತದೆ. ಸಭೆಯಲ್ಲಿ ಬಹಿರಂಗವಾಗಿ ಹೇಳಿದ್ದನ್ನು ಮಾತಾಡಬಹುದು, ಆಫೀಸಿನೊಳಗೆ ಅದನ್ನು ಯಾಕೆ ಹೇಳಿದೆವು ಅನ್ನುವುದನ್ನು ಬಾಯಿ ಬಿಡುವಂತಿಲ್ಲ. ಈ ಗೆರೆ ಎಲ್ಲಿದೆ ಅಂತ ವಕೀಲರನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಆಮೇಲೆ ಬಂದದ್ದು ತಾಂತ್ರಿಕ ಮಾತುಕತೆ. ದೆಹಲಿಯ ಒಬ್ಬ ವಕೀಲರು, ವಿದೇಶದ ಇಬ್ಬರು. ನಾನು ಸಭೆಗಳ ಬಗ್ಗೆ ತಯಾರಾಗಿ ಕೂತಿದ್ದೆ. ಅವರು ಸುಮಾರು ಹೊತ್ತು ಅಪ್‌ಲಿಂಕ್ ಟೈಮಿಂಗ್, ಅಂದರೆ ಫೋನಿನಿಂದ ಟವರಿಗೆ ಹೋಗುವ ಮಾತಿನ ಸಮಯದ, ಬಗ್ಗೆಯೇ ಕೇಳಿದರು. 38.321 ಅನ್ನುವ 5ಜಿ ಸ್ಪೆಕ್‌ನ ಸೆಕ್ಷನ್ 5.2ರಲ್ಲಿ ಒಂದು ಟೈಮರ್ ಇದೆ. ಅದು ಓಡುತ್ತಿರುವಷ್ಟು ಹೊತ್ತು ಫೋನು ತನ್ನ ಸಮಯ ಟವರಿನ ಜೊತೆ ಸರಿಯಾಗಿದೆ ಅಂತ ತಿಳಿಯುತ್ತದೆ. ಮುಗಿದರೆ ಸುಮ್ನೆ ಮಾತಾಡುವ ಹಾಗಿಲ್ಲ, ಮೊದಲಿಂದ ಬಾಗಿಲು ತಟ್ಟಬೇಕು. ‘ಸಮಯ ತಪ್ಪಿದ ಫೋನು ನಿಜವಾದ ನೆಟ್‌ವರ್ಕಿನಲ್ಲಿ ಹೇಗೆ ವರ್ತಿಸುತ್ತದೆ? ಕಣ್ಣಾರೆ ನೋಡಿದ್ದೀರಾ?’ ಅಂತ ದೆಹಲಿಯವರು ಕೇಳಿದರು. ಕಡೂರಿನ ಕಥೆ ಹೇಳಿದೆ. 2ಜಿ ಬೇರೆ, 5ಜಿ ಬೇರೆ ಅಂತ ಹೇಳಿಯೇ ಹೇಳಿದೆ. ಬಯೋಡೇಟಾದಲ್ಲಿ ಇದು ಯಾಕೆ ಕೊನೆಯ ಪುಟದಲ್ಲಿದೆ ಅಂತ ಅವರು ಕೇಳಿದಾಗ ಆ ಹುಡುಗನ ಹೆಸರು ಹೇಳಲಿಲ್ಲ.

ಹೀಗೆ ಕೆಲಸ ಸಿಕ್ಕಿತು. ಆ ಕೇಸಿನಲ್ಲೂ, ಆಮೇಲಿನವುಗಳಲ್ಲೂ ಬೇರೆ ಬೇರೆ ಹಿನ್ನೆಲೆಯ ತಜ್ಞರನ್ನು ನೋಡಿದೆ. ಈ ಬರಹ ಬರೆಯಲು ಅದೂ ಒಂದು ಕಾರಣ. ಪ್ರೊಫೆಸರುಗಳಿದ್ದಾರೆ. ಅವರ ಮಾತಿಗೆ ತೂಕವಿದೆ, ಗಣಿತ ಬಿಡಿಸಿ ಹೇಳಿದರೆ ನ್ಯಾಯಾಧೀಶರು ಕೇಳುತ್ತಾರೆ. ಆದರೆ ಎದುರಿನ ವಕೀಲರು ‘ನೀವು ಎಂದಾದರೂ ತ್ರೀಜಿಪಿಪಿ ಸಭೆಯಲ್ಲಿ ಕೂತಿದ್ದೀರಾ?’ ಅಂತ ಕೇಳಿದರೆ ತಡವರಿಸುತ್ತಾರೆ. ನನ್ನ ಥರ ಸಭೆಯಲ್ಲಿ ಕೂತವರಿಗೆ ಕಷ್ಟ ಬೇರೆ. ಅಂದು ಕಂಪನಿಯ ಪರವಾಗಿ ಬರೆದ ಟಿ-ಡಾಕನ್ನು ಎತ್ತಿ ತೋರಿಸಿ ‘ಆಗ ಹೀಗಂದಿದ್ದಿರಿ, ಈಗ ಹಾಗಂತೀರಿ’ ಅನ್ನುತ್ತಾರೆ. ಚಿಪ್ಪಿನ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಬರೆದವರಿಗೆ ಆ ಚಿಪ್ಪು ಏನು ಮಾಡುತ್ತದೆ ಅಂತ ಅಂಗೈ ಗೆರೆಯಷ್ಟು ಗೊತ್ತು, ಸ್ಪೆಕ್ ಏನು ಹೇಳುತ್ತದೆ ಅಂತ ಹುಡುಕಬೇಕಾಗುತ್ತದೆ. ಸರ್ಕಾರಿ ಟೆಲಿಕಾಂ ಇಲಾಖೆಗಳಿಂದ ನಿವೃತ್ತರಾದವರು ಲೈಸೆನ್ಸ್, ಸ್ಪೆಕ್ಟ್ರಂ ವಿಷಯದಲ್ಲಿ ಗಟ್ಟಿಗರು. ಪ್ರೋಟೋಕಾಲಿನ, ಅಂದರೆ ಮಾತುಕತೆಯ ಕ್ರಮದ, ಒಳಗೆ ಹೋದರೆ ಅವರಿಗೆ ಅಷ್ಟು ಆಸಕ್ತಿ ಇರುವುದಿಲ್ಲ.

ವೈ-ಫೈ ಕಡೆಯಿಂದ ಬಂದವರ ಹಿನ್ನೆಲೆ ಕೇಳಲು ಮಜಾ ಇರುತ್ತದೆ. ವೈ-ಫೈ ಸ್ಪೆಕ್ ಬರೆಯುವ ಐಟ್ರಿಪಲ್‌ಇ 802.11 ಗುಂಪಿನಲ್ಲಿ ಸದಸ್ಯರು ಕಂಪನಿಯ ಹೆಸರಿನಲ್ಲಿ ಅಲ್ಲ, ಸ್ವಂತ ಹೆಸರಿನಲ್ಲಿ ಕೂರುತ್ತಾರೆ. ಸಭೆಗೆ ಹೋಗಿ ಹೋಗಿ ಮತದ ಹಕ್ಕು ಸಂಪಾದಿಸಬೇಕು. ತಾಂತ್ರಿಕ ನಿರ್ಣಯಕ್ಕೆ 75 ಶೇಕಡಾ ಮತ ಬೇಕು. ಕೆಲಸ ಬದಲಾಯಿಸಿದರೂ ಆ ಹಕ್ಕು ವ್ಯಕ್ತಿಯ ಜೊತೆಗೇ ಹೋಗುತ್ತದೆ. ಹಾಗಾಗಿ ಅವರು ಎದೆ ತಟ್ಟಿ ‘ನಾನು ಮತ ಹಾಕಿದೆ’ ಅಂತಾರೆ. ನಾವು ‘ನಮ್ಮ ಕಂಪನಿ ಹಾಕಿತು’ ಅನ್ನಬೇಕು. ಕಟಕಟೆಯಲ್ಲಿ ಇದು ಚಿಕ್ಕ ವ್ಯತ್ಯಾಸವಲ್ಲ.

ಯಾವ ಹಿನ್ನೆಲೆ ಎಲ್ಲಿಗೆ ಕೊಂಡೊಯ್ಯುತ್ತದೆ ಅಂತ ಮೊದಲೇ ಹೇಳಲಾಗದು ಅನ್ನುವುದಕ್ಕೆ ನಾನು ಹುಡುಗರಿಗೆ ಅರೋಗ್ಯಸ್ವಾಮಿ ಪೌಲ್‌ರಾಜ್ ಅವರ ಉದಾಹರಣೆ ಕೊಡುತ್ತೇನೆ. ಭಾರತದ ನೌಕಾಪಡೆಯ ಎಂಜಿನಿಯರ್. ಅಪ್ಸೋಹ್ ಅನ್ನುವ ಸೋನಾರ್, ಅಂದರೆ ನೀರಿನಡಿ ಸದ್ದಿನಿಂದ ಪತ್ತೆ ಹಚ್ಚುವ ಯಂತ್ರ, ಕಟ್ಟಿದವರು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್‌ನ ಕೇರ್ ಪ್ರಯೋಗಾಲಯ ಶುರುವಾಗಲು ಕಾರಣರಾದವರು. ನಿವೃತ್ತಿಯ ನಂತರ ಸ್ಟ್ಯಾನ್‌ಫರ್ಡಿಗೆ ಹೋಗಿ 1992ರಲ್ಲಿ ಮೈಮೋ ತಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಹಲವು ಆಂಟೆನಾ ಸೇರಿಸಿ ಒಂದೇ ಚಾನೆಲ್ಲಿನಲ್ಲಿ ಜಾಸ್ತಿ ಡೇಟಾ ಕಳಿಸುವ ಆ ತಂತ್ರ ಇಂದು 4ಜಿ, 5ಜಿ, ವೈ-ಫೈ ಎಲ್ಲದರಲ್ಲೂ ಇದೆ. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ನೀರಿನಡಿಯ ಸದ್ದನ್ನು ಹಲವು ಸೆನ್ಸರುಗಳಿಂದ ಕೇಳಿದ ಮನುಷ್ಯ ಗಾಳಿಯಲ್ಲಿನ ಅಲೆಗೂ ಅದೇ ಕಿವಿ ಇಟ್ಟರು. ಅವರ ಬಯೋಡೇಟಾ ಆ ಮಧ್ಯವರ್ತಿ ಹುಡುಗನ ಕೈಗೆ ಸಿಕ್ಕಿದ್ದರೆ ನೌಕಾಪಡೆಯನ್ನು ತೆಗೆದುಹಾಕುತ್ತಿದ್ದನೋ ಏನೋ.

ನಮ್ಮಲ್ಲಿ ಜಾಣರಿಗೆ ಕೊರತೆ ಇಲ್ಲ. ಐಐಟಿ ಹೈದರಾಬಾದ್, ಐಐಟಿ ಮದ್ರಾಸ್ ಕಡೆಯವರು ಸೇರಿ 5ಜಿಐ ಅನ್ನುವ ನಮ್ಮದೇ 5ಜಿ ಸ್ಪೆಕ್ ರೂಪಿಸಿದರು. ಹಳ್ಳಿಗಳಲ್ಲಿ ಟವರಿನಿಂದ ಟವರಿಗೆ 6 ಕಿಲೋಮೀಟರ್ ಅಂತರವಿದ್ದರೂ ನಡೆಯಬೇಕು ಅನ್ನುವ ಲೆಕ್ಕ ಇಟ್ಟುಕೊಂಡು ಕೆಲಸ ಮಾಡಿದರು. 2021ರಲ್ಲಿ ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ ಐಟಿಯು ಅದನ್ನು ಒಪ್ಪಿತು, ಆಮೇಲೆ ಅದು ತ್ರೀಜಿಪಿಪಿಯ 5ಜಿ ಸ್ಪೆಕ್‌ನ ರಿಲೀಸ್ 17ರೊಳಗೆ ಸೇರಿಕೊಂಡಿತು. ಕೊಪ್ಪ, ಕಳಸದ ಕಡೆ ಓಡಾಡಿದ ನನಗೆ ಆ 6 ಕಿಲೋಮೀಟರಿನ ಬೆಲೆ ಗೊತ್ತು. ಕೊರತೆ ಇರುವುದು ಒಂದೇ ಕುರ್ಚಿಯಲ್ಲಿ ಹತ್ತು ವರ್ಷ ಕೂರುವವರಿಗೆ. ಸಭೆಗೆ ಹೋಗಿ ಬರುತ್ತಾ ಮೂರನೆಯ ವರ್ಷಕ್ಕೆ ಹೆಸರು ಗುರುತು ಹಿಡಿಯುತ್ತಾರೆ, ಐದನೆಯ ವರ್ಷಕ್ಕೆ ಮಾತು ಕೇಳುತ್ತಾರೆ. ಅಷ್ಟರಲ್ಲಿ ನಮ್ಮ ಕಂಪನಿಗಳು ಮ್ಯಾನೇಜರ್ ಮಾಡಿ ಬೇರೆ ಕಡೆ ಹಾಕಿರುತ್ತವೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಕ್ಲೇಮ್ ಚಾರ್ಟ್ ಅಂತ ಒಂದು ಕೋಷ್ಟಕ ಮಾಡಬೇಕು. ಎಡಗಡೆ ಪೇಟೆಂಟಿನ ವಾಕ್ಯವನ್ನು ತುಂಡು ತುಂಡಾಗಿ ಹಾಕುವುದು, ಬಲಗಡೆ ಪ್ರತಿಯೊಂದು ತುಂಡಿಗೂ ಸ್ಪೆಕ್‌ನ ಸಾಲು. ಒಂದು ತುಂಡಿಗೆ ಜೋಡಿ ಸಿಗದಿದ್ದರೂ ಪೇಟೆಂಟ್ ಅನಿವಾರ್ಯವಲ್ಲ ಅಂತಲೇ. ಆಮೇಲೆ ತಾರೀಖಿನ ಬೇಟೆ. ಸ್ಪೆಕ್‌ಗಳ ಕೊನೆಯಲ್ಲಿ ಬದಲಾವಣೆಯ ಇತಿಹಾಸ ಅಂತ ಒಂದು ಪಟ್ಟಿ ಇರುತ್ತದೆ. ಅದರಿಂದ ಬದಲಾವಣೆಯ ಕೋರಿಕೆ, ಅಲ್ಲಿಂದ ಸಭೆಯ ವರದಿ, ಅಲ್ಲಿಂದ ಮೂಲ ಟಿ-ಡಾಕ್. ಅದು ಸರ್ವರಿಗೆ ಬಂದ ದಿನ ಪೇಟೆಂಟ್ ಅರ್ಜಿಯ ದಿನಕ್ಕಿಂತ ಹಿಂದಿದ್ದರೆ ಇಡೀ ಕೇಸಿನ ದಿಕ್ಕು ಬದಲಾಗುತ್ತದೆ. ಕಂಪನಿಯ ಸೋರ್ಸ್ ಕೋಡ್ ನೋಡಬೇಕಾಗಿ ಬಂದರೆ ಇಂಟರ್ನೆಟ್ ಇಲ್ಲದ ಕಂಪ್ಯೂಟರ್, ಬೀಗ ಹಾಕಿದ ಕೋಣೆ, ಮೊಬೈಲ್ ಹೊರಗೆ.

ಈಚೆಗೆ ನನ್ನ ಹತ್ತಿರ ಬರುವುದು ಹೆಚ್ಚಾಗಿ ಉಪಗ್ರಹದ ವಿಷಯ. ರಿಲೀಸ್ 17ರಿಂದ ಫೋನು ನೇರವಾಗಿ ಉಪಗ್ರಹದ ಜೊತೆ ಮಾತಾಡಲು 5ಜಿ ಸ್ಪೆಕ್‌ನಲ್ಲೇ ದಾರಿ ಮಾಡಿದ್ದಾರೆ. ನೆಲದ ಮೇಲಿನ 5ಜಿಗೆ ಟೈಮಿಂಗ್ ಅಡ್ವಾನ್ಸ್ 12 ಬಿಟ್, 3846ರವರೆಗೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಎಷ್ಟು ಬಿಟ್ ಸೇರಿಸುತ್ತೀರಿ? ಹಾಗಾಗಿ ಲೆಕ್ಕವನ್ನೇ ತಿರುಗಿಸಿದರು. ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವುದನ್ನು ಸಿಬ್ 19 ಅನ್ನುವ ಸಂದೇಶದಲ್ಲಿ ಸಾರುತ್ತದೆ. ಫೋನು ಜಿಪಿಎಸ್‌ನಂಥ ವ್ಯವಸ್ಥೆಯಿಂದ ತನ್ನ ಜಾಗ ತಿಳಿದುಕೊಂಡು, ಎಷ್ಟು ಮುಂಚೆ ಮಾತಾಡಬೇಕು ಅಂತ ತಾನೇ ಲೆಕ್ಕ ಹಾಕುತ್ತದೆ. ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಭೂಸ್ಥಿರ ಉಪಗ್ರಹಗಳನ್ನು ಜಾಗದಲ್ಲಿ ಇಡುವುದೇ ಅಲ್ಲಿನವರ ಕೆಲಸ. ವಾಕಿಂಗಿನಲ್ಲಿ ಸಿಗುವ ಅಲ್ಲಿನ ನಿವೃತ್ತರೊಬ್ಬರಿಗೆ ಈ ಸಿಬ್ 19 ಬಗ್ಗೆ ಹೇಳಿದೆ. ‘ನಾವು ಜೀವಮಾನವೆಲ್ಲ ಕಾಪಾಡಿದ ಲೆಕ್ಕಾನ ಈಗ ಹುಡುಗರ ಫೋನಿಗೆ ಕೊಡ್ತಾರಾ!’ ಅಂತ ನಕ್ಕರು. ಕಕ್ಷೆ ಹೇಗೆ ಅಲುಗಾಡುತ್ತದೆ ಅನ್ನುವುದನ್ನು ಅವರು ಆ ಬೆಳಿಗ್ಗೆ ವಿವರಿಸಿದಷ್ಟು ಚೆನ್ನಾಗಿ ನನಗೆ ಯಾವ ಸಭೆಯಲ್ಲೂ ಯಾರೂ ವಿವರಿಸಿಲ್ಲ.

ಅಡ್ಡ ಸವಾಲಿಗೆ ತಯಾರಿ ಮಾಡಿಸುವುದು ಬೇರೆಯದೇ ಶಿಕ್ಷೆ. ನಮ್ಮ ಕಡೆಯ ವಕೀಲರೇ ಎದುರಾಳಿಯಾಗಿ ಕೂತು ಗಂಟೆಗಟ್ಟಲೆ ಕೆಣಕುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ, ಎಂಜಿನಿಯರಿಗೆ ಇದು ಬಲು ಕಷ್ಟ. ನಮಗೆ ಎಲ್ಲವನ್ನೂ ವಿವರಿಸುವ ಚಟ. ದೆಹಲಿ ಹೈಕೋರ್ಟಿನ ನಿಯಮಗಳಲ್ಲಿ ‘ಹಾಟ್ ಟಬ್ಬಿಂಗ್’ ಅಂತ ಒಂದಿದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ, ಒಬ್ಬರ ಮುಂದೆ ಇನ್ನೊಬ್ಬರನ್ನು ಕೇಳುವುದು. ನನಗೆ ಆ ಪದ್ಧತಿ ಇಷ್ಟ. ಪಕ್ಕದಲ್ಲಿ ಇನ್ನೊಬ್ಬ ಬಲ್ಲವರು ಕೂತಿದ್ದರೆ ಯಾರೂ ಸುಲಭವಾಗಿ ಗಾಳಿ ಹೊಡೆಯುವುದಿಲ್ಲ.

ಹಣದ ವಿಷಯ ಕೇಳದೆ ಯಾರೂ ಬಿಡುವುದಿಲ್ಲ. ಗಂಟೆಗೆ ಇಷ್ಟು ಅಂತ ಮಾತು, ಗಂಟೆಯನ್ನು ಹತ್ತು ಭಾಗ ಮಾಡಿ ಆರಾರು ನಿಮಿಷಕ್ಕೆ ಲೆಕ್ಕ ಬರೆಯಬೇಕು. ಕೇಸು ಗೆದ್ದರೆ ಇನ್ನಷ್ಟು ಕೊಡುತ್ತೇವೆ ಅನ್ನುವ ಒಪ್ಪಂದ ತಜ್ಞ ಸಾಕ್ಷಿಗೆ ಇಲ್ಲ, ಇದ್ದರೆ ಅವರ ಮಾತಿಗೆ ಬೆಲೆ ಇರುವುದಿಲ್ಲ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶದವರು ವಿದೇಶಿ ಹಣದಲ್ಲಿ ಕೊಟ್ಟರೆ ಅದು ರಫ್ತು. ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿದ್ದರೆ ತೆರಿಗೆ ಹಾಕದೆ ಬಿಲ್ ಮಾಡಬಹುದು, ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು. ಕೆಲಸ ಸದಾ ಇರುವುದಿಲ್ಲ. ಎರಡೂ ಕಡೆಯವರು ರಾಜಿಯಾದರೆ ತಿಂಗಳುಗಟ್ಟಲೆ ಮಾಡಿದ ವರದಿ ಹಾಗೇ ಕಪಾಟಿಗೆ ಹೋಗುತ್ತದೆ, ಮುಂದಿನ ಫೋನು ಯಾವಾಗ ಬರುತ್ತದೋ. ಮನೆ ಸಾಲ ಕಟ್ಟುತ್ತಿರುವವರು ಇದನ್ನು ಯೋಚಿಸಿಯೇ ಇಳಿಯಬೇಕು.

ಹೋದ ತಿಂಗಳು ಕಾಲೇಜಿನಿಂದ ಬಂದ ಹುಡುಗನಿಗೆ ನಾನು ಯಾವ ಕೋರ್ಸಿನ ಹೆಸರೂ ಹೇಳಲಿಲ್ಲ. ಒಂದೇ ಸ್ಪೆಕ್ ಹಿಡಿ, ಒಂದೇ ಸೆಕ್ಷನ್ ಓದು, ಕೊನೆಯ ಇತಿಹಾಸದ ಪಟ್ಟಿಯಿಂದ ಹಿಂದಕ್ಕೆ ಹೋಗು ಅಂದೆ. 4ಜಿಯ 36.321 ಹಿಡಿದುಕೊಂಡು ಹೋದ. ವಕೀಲರು ಕೇಳಿದ್ದರಲ್ಲ, ಆ ಟೈಮರಿನ 4ಜಿ ರೂಪ ಇರುವುದು ಅದರಲ್ಲಿ. ವಾರ ಬಿಟ್ಟು ಫೋನ್ ಮಾಡಿ, ‘ಮೇಡಂ, ಆ ಟೈಮರಿಗೆ 500 ಸಬ್‌ಫ್ರೇಮ್‌ನಿಂದ, ಅಂದ್ರೆ 500 ಮಿಲಿಸೆಕೆಂಡಿನಿಂದ, 10240ರವರೆಗೆ ಬೆಲೆ ಕೊಟ್ಟಿದ್ದಾರೆ, ಸರಿ. ಕೊನೇಲಿ ಇನ್ಫಿನಿಟಿ ಅಂತಾನೂ ಇದೆಯಲ್ಲ, ಮುಗಿಯದೇ ಇರೋ ಟೈಮರ್ ಯಾಕೆ ಬೇಕಾಗಿತ್ತು ಇವರಿಗೆ?’ ಅಂದ. ಉತ್ತರ ಹೇಳಲಿಲ್ಲ. 2008ರ ರಾನ್-2 ಸಭೆಗಳ ಫೋಲ್ಡರ್ ಎಲ್ಲಿದೆ ಅಂತ ಕಳಿಸಿದ್ದೇನೆ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ನೋಡ್ತೀನಿ ಅಂದಿದ್ದಾನೆ.